ಮದ್ದೂರು ಬರುವವರೆಗೆ ಓದಿ ನೋಡಿ

ಮಂಡ್ಯದಿಂದ ಬೆಂಗಳೂರಿಗೆ ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲಿ ಓಡಾಡುವವರಲ್ಲಿ ನಾನೂ ಒಬ್ಬ. ಬ್ಯಾಗಿನಲ್ಲಿ ಊಟದ ಡಬ್ಬಿ ಪಕ್ಕ ಎರಡು ಪುಸ್ತಕ ಇದ್ದೇ ಇರುತ್ತವೆ. ಒಂದು ನನಗೆ, ಇನ್ನೊಂದು ಯಾರಿಗಾದರೂ ಕೊಡೋದಕ್ಕೆ. ಕೊಡುವ ಪುಸ್ತಕ ಹೆಚ್ಚಾಗಿ ಥ್ರಿಲ್ಲರ್.

"ಒಳ್ಳೇ ಸಸ್ಪೆನ್ಸ್ ಕಾದಂಬರಿ ಇದ್ರೆ ಹೇಳಿ ಸಾರ್" ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ಕಥೆ ಹೇಳಲು ಶುರು ಮಾಡುತ್ತಿದ್ದೆ. ಅರ್ಧ ಕಥೆ ನಾನೇ ಹೇಳಿಬಿಟ್ಟರೆ ಅವರಿಗೆ ಓದೋಕೆ ಉಳಿಯೋದಾದರೂ ಏನು, ಅಲ್ವಾ? ಈಗ ಪುಸ್ತಕ ಕೈಗಿಟ್ಟು "ಮದ್ದೂರು ಬರುವವರೆಗೆ ಓದಿ ನೋಡಿ" ಅನ್ನುತ್ತೇನೆ, ಅಷ್ಟೇ. ಸುಮಾರು 20 ನಿಮಿಷ. ಮದ್ದೂರಲ್ಲಿ ವಡೆ ಮಾರುವವರು ಹತ್ತುತ್ತಾರೆ. ಬೋಗಿ ತುಂಬ ಕರಿದ ಈರುಳ್ಳಿಯ ಘಮ. ಆಗಲೂ ತಲೆ ಎತ್ತದಿದ್ದರೆ ಆ ಪುಸ್ತಕ ಅವರಿಗೆ ಒಗ್ಗಿತು ಅಂತ ಲೆಕ್ಕ. ಚಿಲ್ಲರೆ ಹುಡುಕಲು ಶುರು ಮಾಡಿದರೆ ವಾಪಸ್ ಇಸ್ಕೊಂಡು ಬೇರೆ ಯೋಚನೆ ಮಾಡುತ್ತೇನೆ.

ತೇಜಸ್ವಿಯವರ 'ಜುಗಾರಿ ಕ್ರಾಸ್' ಇದುವರೆಗೆ ನನ್ನ ಕೈಬಿಟ್ಟಿಲ್ಲ. ಥ್ರಿಲ್ಲರ್ ಅಂದರೆ ಪೊಲೀಸು, ಪಿಸ್ತೂಲು ಅಂದುಕೊಂಡವರಿಗೆ ಮೊದಲು ಅದನ್ನೇ ಕೊಡುತ್ತೇನೆ. ಏಲಕ್ಕಿ ಬೆಳೆಯುವ ಗಂಡ ಹೆಂಡತಿ, ಸುತ್ತ ಮಲೆನಾಡಿನ ಕಾಡು, ಒಂದು ರೈಲು. ಎಲ್ಲ ನಡೆದು ಮುಗಿಯುವುದು ಒಂದು ದಿನದಷ್ಟು ಹೊತ್ತಿನಲ್ಲಿ. ಕಬ್ಬಿನ ಬಿಲ್ಲಿಗೆ ಕಾದು ಗೊತ್ತಿರುವ ನಮ್ಮ ಕಡೆಯವರಿಗೆ, ಬೆಳೆದದ್ದನ್ನು ಮಾರಿ ಮನೆ ಸೇರುವ ಆತಂಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಒಮ್ಮೆ ನನ್ನಿಂದ ತಪ್ಪಾಯಿತು. ಎದುರು ಸೀಟಿನ ಅಕ್ಕ ಒಬ್ಬರು "ಎದೆ ನಡುಗಬೇಕು, ಅಂಥದ್ದು ಕೊಡಿ" ಅಂದರು. ಯಂಡಮೂರಿಯವರ 'ತುಳಸಿದಳ' ಕೊಟ್ಟೆ. ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಕಥೆ. ಎರಡು ದಿನ ಬಿಟ್ಟು ಅಕ್ಕ ಅದನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. "ಮಗಳು ಮಗ್ಗುಲಾಗಿ ಕೆಮ್ಮಿದರೂ ಎದ್ದು ಕೂತ್ಕೋತಿದ್ದೀನಿ" ಅಂದರು. ಅವರ ಮನೆಯಲ್ಲಿ ಚಿಕ್ಕ ಹೆಣ್ಣುಮಗು ಇದೆ ಅಂತ ನಾನು ಕೇಳಿರಲೇ ಇಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ. ಈಗ ಭಯದ ಪುಸ್ತಕ ಕೊಡುವ ಮೊದಲು ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಮಾತಿನ ಮಧ್ಯೆ ವಿಚಾರಿಸಿಕೊಳ್ಳುತ್ತೇನೆ.

"ಸುಮ್ನೆ ಕಟ್ಟುಕತೆ ಯಾಕೆ ಓದಬೇಕು" ಅನ್ನುವವರೂ ಇದ್ದಾರೆ. ಅವರಿಗೆ ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು'. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಕಾಣುತ್ತದೆ. ಜೋಳ ಅಮೆರಿಕದ ಬೆಳೆ, ಸೋಮನಾಥಪುರದ ದೇವಸ್ಥಾನ 13ನೇ ಶತಮಾನದ್ದು. ಹಾಗಾದರೆ ಅದು ಇಲ್ಲಿಗೆ ಹೇಗೆ ಬಂತು? ಅದು ಜೋಳವೇ ಅಲ್ಲ ಅನ್ನುವ ವಿದ್ವಾಂಸರೂ ಇದ್ದಾರೆ. ಈ ಪುಸ್ತಕ ಓದಿದ ಗೆಳೆಯರೊಬ್ಬರು ಭಾನುವಾರ ಮಕ್ಕಳನ್ನು ಕರೆದುಕೊಂಡು ಸೋಮನಾಥಪುರಕ್ಕೇ ಹೋಗಿ ಬಂದರು. ಸೋಮವಾರ ರೈಲಿನಲ್ಲಿ ಮೊಬೈಲ್ ತೆಗೆದು, ಕೈಯೊಂದರ ಫೋಟೋ ದೊಡ್ಡದು ಮಾಡಿ, ಕಾಳು ಎಣಿಸಿ ತೋರಿಸಿದರು.

ಎಲ್ಲರಿಗಿಂತ ಕಷ್ಟ ಕೊಡುವವರು ಕೊನೇ ಪುಟ ಮೊದಲು ಓದುವವರು. ಅಂಥ ಹಿರಿಯರೊಬ್ಬರಿಗೆ ತುಂಬಾ ಯೋಚನೆ ಮಾಡಿ ಫ್ರೆಡರಿಕ್ ಫೋರ್ಸೈತ್ ಬರೆದ 'ದಿ ಡೇ ಆಫ್ ದಿ ಜಾಕಾಲ್' ಕೊಟ್ಟೆ. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಡುವ ಕಥೆ. ಪುಸ್ತಕ ಬಂದದ್ದು 1971ರಲ್ಲಿ. ಡಿ ಗಾಲ್ ಅದಕ್ಕೂ ಮೊದಲೇ, 1970ರಲ್ಲಿ, ಮನೆಯಲ್ಲೇ ತೀರಿಕೊಂಡಿದ್ದರು. ಹಂತಕ ಗೆಲ್ಲುವುದಿಲ್ಲ ಅಂತ ಓದುವವರಿಗೆ ಮೊದಲೇ ಗೊತ್ತು. ಆದರೂ ಅವನು ಸುಳ್ಳು ಪಾಸ್‌ಪೋರ್ಟ್ ಹೊಂದಿಸುವಾಗ, ಬಂದೂಕು ಮಾಡಿಸುವಾಗ ಉಸಿರು ಬಿಗಿ ಹಿಡಿಯುವಂತಾಗುತ್ತದೆ.

"ಕೊನೆ ನಿಮಗೆ ಗೊತ್ತೇ ಇದೆ ಸಾರ್, ಧೈರ್ಯವಾಗಿ ಮೊದಲಿಂದ ಓದಿ" ಅಂದೆ. ಮದ್ದೂರು ಹೋಯಿತು, ರಾಮನಗರ ಹೋಯಿತು. ಅವರು ತಲೆ ಎತ್ತಲಿಲ್ಲ. ಕೆಂಗೇರಿಯಲ್ಲಿ ಭುಜ ತಟ್ಟಿ ನಾನೇ ಇಳಿಸಿದೆ. ಪ್ಲಾಟ್‌ಫಾರ್ಮಿನಲ್ಲಿ ನಡೆಯುತ್ತಿದ್ದಾಗಲೂ ಓದುತ್ತಿದ್ದ ಪುಟದ ನಡುವೆ ಅವರ ಬೆರಳು ಹಾಗೇ ಇತ್ತು.