ಕೆಮ್ಮಣ್ಣಿನ ಕೆಳಗಿನ ಎಳೆ

ಅಮೂರ್ತ ಚಿತ್ರ ಮಾಡ್ತೀನಿ ಅಂದ ಕೂಡಲೇ 'ಯಾರ ಪ್ರಭಾವ?' ಅಂತ ಕೇಳುತ್ತಾರೆ. ಬಹಳ ವರ್ಷ ನಾನು ಅಮೂರ್ತ ಚಿತ್ರಗಳ ಹೆಸರಾಂತ ಕಲಾವಿದ ವಿ.ಎಸ್. ಗಾಯ್ತೊಂಡೆ ಅಂತಲೇ ಹೇಳುತ್ತಿದ್ದೆ. ಸುಳ್ಳಲ್ಲ, ಆದರೆ ಅರ್ಧ ಮಾತು.

ಸಾಗರದ ಕಡೆಯ ದೀವರ ಸಮುದಾಯದ ಮನೆ ನಮ್ಮದು. ದೊಡ್ಡವ್ವ ಗೋಡೆಗೆ ಕೆಮ್ಮಣ್ಣು ಬಳಿದು, ಅರೆದ ಅಕ್ಕಿಯ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಹಸೆ ಚಿತ್ತಾರ ಬರೆಯುತ್ತಿದ್ದಳು. ಕಪ್ಪಿಗೆ ಕರಕಲು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ನಾರಿನ ತುದಿ ಜಜ್ಜಿ ಕೊಡುವುದು ನನ್ನ ಕೆಲಸ. ಅವಳಂಥ ಎಳೆ ನನ್ನ ಕೈಗೆ ಬರಲೇ ಇಲ್ಲ. ನಾನು ಕಾಯುತ್ತಿದ್ದದ್ದು ಮರುವರ್ಷಕ್ಕೆ: ಹೊಸ ಕೆಮ್ಮಣ್ಣು ಒಣಗುತ್ತಿದ್ದಂತೆ ಹಳೇ ಚಿತ್ತಾರ ಅಡಿಯಿಂದ ಮಸುಕಾಗಿ ಮೂಡುತ್ತಿತ್ತು. ಅವಳಿಗೆ ಅದು ಕಿರಿಕಿರಿ, ನನಗೆ ಅಲ್ಲಿಂದ ಕಣ್ಣು ಕೀಳಲಾಗುತ್ತಿರಲಿಲ್ಲ.

ಗಾಯ್ತೊಂಡೆಯವರ ಕ್ಯಾನ್ವಾಸು ಕಂಡದ್ದು ದೆಹಲಿಯ ಜೈಪುರ ಹೌಸಿನಲ್ಲಿ, ಅಂದರೆ ಅಲ್ಲಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ. ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಕಲಿತು, 1964ರಲ್ಲಿ ರಾಕ್‌ಫೆಲ್ಲರ್ ಫೆಲೋಶಿಪ್ ಮೇಲೆ ನ್ಯೂಯಾರ್ಕಿಗೆ ಹೋಗಿಬಂದವರು. ರೋಲರಿನಲ್ಲಿ ಬಣ್ಣ ಹಾಯಿಸಿ, ಪ್ಯಾಲೆಟ್ ನೈಫಿನಲ್ಲಿ ಕೆರೆದು ತೆಗೆಯುತ್ತಿದ್ದರು. ಚಿತ್ರದೆದುರು ನಿಂತಾಗ ನನಗೆ ನೆನಪಾದದ್ದು ನಮ್ಮ ಜಗುಲಿ ಗೋಡೆ.

ಊರಿಗೆ ಬಂದು ರೋಲರ್ ಕೊಂಡೆ. ಮೊದಲ ಕ್ಯಾನ್ವಾಸು ಹಾಳಾಯಿತು. ತೈಲವರ್ಣದಲ್ಲಿ ತಳಕ್ಕೆ ಐವರಿ ಬ್ಲ್ಯಾಕ್ ಅನ್ನುವ ಕಪ್ಪು, ಅದರ ಮೇಲೆ ಬರ್ನ್ಟ್ ಅಂಬರ್ ಅನ್ನುವ ಕಡುಗಂದು ಹಾಕಿದ್ದೆ. ಈ ಕಪ್ಪು ನಿಧಾನಕ್ಕೆ ಒಣಗುವ ಬಣ್ಣ, ಅಂಬರ್ ಬೇಗ. ಮೇಲಿನದು ಗಟ್ಟಿಯಾದ ಮೇಲೂ ಅಡಿಯದು ಅಲುಗುತ್ತಲೇ ಇತ್ತು, ಅದೂ ಮಳೆಗಾಲದ ತೇವದಲ್ಲಿ. ಆರು ತಿಂಗಳಿಗೆ ಬೇಸಿಗೆಯ ಗದ್ದೆಯ ಹಾಗೆ ಬಿರಿದಿತ್ತು. ಈಗ ಅಂಬರನ್ನೇ ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ತಳಕ್ಕೆ ಹಾಕುತ್ತೇನೆ. ಮೇಲೆ ಹೋದಂತೆ ಲಿನ್ಸೀಡ್ ಎಣ್ಣೆ ಹೆಚ್ಚು, ಕಪ್ಪು ಕೊನೆಗೆ. ಪದರದಿಂದ ಪದರಕ್ಕೆ ಎರಡು ವಾರ ಬಿಡುತ್ತೇನೆ, ಆಷಾಢದಲ್ಲಿ ತಿಂಗಳೇ ಬೇಕು. ಕೊನೆಯ ಪದರ ಹಸಿಯಿರುವಾಗ ರದ್ದಿ ಪೇಪರ್ ಒತ್ತಿ ಸರಕ್ಕನೆ ಎತ್ತಿದರೆ ಅಡಿಯ ಬಣ್ಣ ಅಲ್ಲಲ್ಲಿ ಇಣುಕುತ್ತದೆ. ಎಷ್ಟು ಎತ್ತಬೇಕು ಅನ್ನುವುದೇ ಕಷ್ಟ. ಹಾಕುವುದು ಯಾರಿಗಾದರೂ ಬರುತ್ತದೆ.

ಒಂದು ಕೊನೆಗೂ ಕೂಡಿ ಬಂತು. ಜಗುಲಿಗೆ ತಂದು ಒರಗಿಸಿದೆ. ದೊಡ್ಡವ್ವ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದಳು. "ಅಡಿದೆಲ್ಲ ಕಾಣ್ತದಲ್ಲ ತಮಾ, ಇನ್ನೊಂದು ಕೈ ಬಳೀಬೇಕಿತ್ತು."