ಗೇರ್ ಆಯಿಲ್ ಹಾಕಿಸುವ ಮುಂಚೆ ಡಬ್ಬಿ ಮೇಲೆ ಏನು ಬರೆದಿದೆ ನೋಡಿ

ಬಳ್ಳಾರಿ ಬಿಸಿಲಿಗೆ ದಪ್ಪ ಗೇರ್ ಆಯಿಲೇ ಒಳ್ಳೆಯದು ಅಂತ ಸುಮ್ನೆ ಹಾಕಿಸಬೇಡಿ. ಕಾರಿನ ಜೊತೆ ಬಂದ ಪುಸ್ತಕದಲ್ಲಿ 75ಡಬ್ಲ್ಯೂ-80 (ಆಯಿಲ್ ಎಷ್ಟು ದಪ್ಪ ಅನ್ನುವ ಗುರುತು) ಅಂತಿದ್ದರೆ ಅದನ್ನೇ ಹಾಕಿಸಿ.

ಅದಕ್ಕಿಂತ ಮುಖ್ಯವಾದದ್ದು, ಪುಸ್ತಕದಲ್ಲಿ ಜಿಎಲ್-4 (ಗೇರ್ ಆಯಿಲಿನ ದರ್ಜೆ) ಅಂತ ಇದ್ದರೆ ಜಿಎಲ್-5 ಬೇಡವೇ ಬೇಡ. "5 ಇನ್ನೂ ಸ್ಟ್ರಾಂಗ್ ಸಾರ್" ಅಂತ ಅಂಗಡಿಯವರು ಹೇಳಬಹುದು, ಆದರೆ ಅದರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ, ಗೇರ್‌ಬಾಕ್ಸ್ ಒಳಗಿನ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆ ಸಿಂಕ್ರೊನೈಸರ್ ರಿಂಗುಗಳನ್ನು ಅದು ನಿಧಾನಕ್ಕೆ ತಿನ್ನಬಹುದು, ಆಮೇಲೆ ಗೇರ್ ಬದಲಿಸುವಾಗ ಕರಕರ ಶುರುವಾಗುತ್ತದೆ, ಬಾಕ್ಸ್ ಬಿಚ್ಚಿಸುವ ಖರ್ಚು ಗೊತ್ತಲ್ವಾ! ಅದಿರು ಲಾರಿಯಲ್ಲಿ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಜಿಎಲ್-5 ಸರಿ, ನಿಮ್ಮ ಗೇರ್‌ಬಾಕ್ಸ್‌ಗಲ್ಲ.

ಇನ್ನೊಂದು ಮಾತು. ಹಳೆ ಆಯಿಲ್ ಇಳಿಸುವ ಮೊದಲು ಮೇಲಿನ, ತುಂಬುವ ಬೋಲ್ಟ್ ಬಿಚ್ಚಿಸಿ ನೋಡಿ. ಅದು ತುಕ್ಕು ಹಿಡಿದು ಕೂತಿದ್ದರೆ ಹೊಸ ಆಯಿಲ್ ಹಾಕಲು ದಾರಿಯೇ ಇರುವುದಿಲ್ಲ.