ಕೆಮ್ಮು ನಂಬಿ ಮೋಸ ಹೋದೆ: ಸ್ವಾಬ್ ತೆಗೀತಾ ತೆಗೀತಾ ನಾನು ಮಾಡಿದ ಲೆಕ್ಕ

ನಾನು ಮಂಡ್ಯ ಜಿಲ್ಲೆಯ ಒಂದು ತಾಲೂಕಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೋವಿಡ್ ಟೈಮಲ್ಲಿ ಯಾರಿಗೆ ಪಾಸಿಟಿವ್ ಬರಬಹುದು ಅಂತ ಸ್ವಾಬ್ ತೆಗೆಯೋಕ್ ಮುಂಚೆನೇ ಹೇಳೋಕಾಗುತ್ತಾ ಅನ್ನೋ ಹುಚ್ಚು ಹಿಡ್ಕೊಂಡು ಒಂದು ಎಕ್ಸೆಲ್ ಶೀಟ್ ಮಾಡಿದ್ದೆ, ಅದರ ಕತೆ ಇದು. ಯಾರೂ ಮಾಡು ಅಂದಿರ್ಲಿಲ್ಲ, ರಾತ್ರಿ ಎಂಟ್ರಿ ಮುಗಿದ್ಮೇಲೆ ನಿದ್ದೆ ಬರ್ತಿರ್ಲಿಲ್ಲ ಅಷ್ಟೆ.

2020ರ ಮೇನಲ್ಲಿ ಲೆಕ್ಕಾನೇ ಬೇಕಾಗಿರ್ಲಿಲ್ಲ. ನಮ್ಮ ಕಡೆಯಿಂದ ಮುಂಬೈಗೆ ಹೋಗಿ ಹೋಟ್ಲು ಕ್ಯಾಂಟೀನು ಅಂತ ಬದುಕ್ತಿದ್ದೋರೆಲ್ಲ ಲಾಕ್‌ಡೌನಲ್ಲಿ ಊರಿಗೆ ವಾಪಸ್ ಬರ್ತಿದ್ರು, ಹಾಸ್ಟೆಲ್ಲು ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದ್ರು, ನಾವು ಪಿಪಿಇ ಕಿಟ್ ಒಳಗೆ ಬೆವರು ಸುರಿಸ್ಕೊಂಡು ಸಾಲಾಗಿ ಸ್ವಾಬ್ ತೆಗೀತಿದ್ವಿ. ಪಾಸಿಟಿವ್ ಬಂದೋರಲ್ಲಿ ತುಂಬಾ ಜನಕ್ಕೆ ಜ್ವರ ಇಲ್ಲ, ನೆಗಡಿ ಇಲ್ಲ, ಏನೂ ಇಲ್ಲ. 'ಎಲ್ಲಿಂದ ಬಂದ್ರಿ' ಅನ್ನೋ ಒಂದೇ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕೋಗ್ತಿತ್ತು.

ಜುಲೈ ಹೊತ್ತಿಗೆ ಆ ಪ್ರಶ್ನೆ ಸತ್ತೋಯ್ತು. ರೋಗ ಊರೊಳಗೇ ಓಡಾಡ್ತಿತ್ತು. ಪಾಸಿಟಿವ್ ಆದೋರ ಮನೆಯವ್ರು, ಜ್ವರ ಕೆಮ್ಮು ಅಂತ ಓಪಿಡಿಗೆ ಬಂದೋರು, ಉಸಿರಾಟದ ತೊಂದ್ರೆಯಿಂದ ಅಡ್ಮಿಟ್ ಆದೋರು, ಹೆರಿಗೆಗೆ ಬಂದ ಗರ್ಭಿಣಿಯರು, ಬಸ್ ಕಂಡಕ್ಟರುಗಳು, ಸಂತೆ ವ್ಯಾಪಾರದೋರು, ನಮ್ಮ ಆಶಾ ಅಕ್ಕಂದ್ರು, ಎಲ್ರೂ ಒಂದೇ ಕ್ಯೂನಲ್ಲಿ.

ಶೀಟಲ್ಲಿ ಎಲ್ಲಾ ಒಟ್ಟಿಗೆ ಹಾಕಿ ಪಿವಟ್ ಎಳೆದ್ರೆ, ಅಂದ್ರೆ ಗುಂಪು ಮಾಡಿ ಎಣಿಸಿದ್ರೆ, ಕೆಮ್ಮು ಇದ್ದೋರಿಗಿಂತ ಕೆಮ್ಮು ಇಲ್ಲದೋರಿಗೇ ಪಾಸಿಟಿವ್ ಜಾಸ್ತಿ ಬಂತು! ಎರಡು ದಿನ ಎಂಟ್ರಿನೇ ತಪ್ಪಾಗಿರ್ಬೇಕು ಅಂತ ಹುಡುಕ್ದೆ, ಎಂಟ್ರಿ ಸರಿ ಇತ್ತು, ತಪ್ಪು ನನ್ನ ತಲೆಯಲ್ಲಿತ್ತು.

ಅರ್ಥ ಆಗ್ಲಿ ಅಂತ ಸುಮ್ನೆ ಒಂದು ಲೆಕ್ಕ ಹೇಳ್ತೀನಿ, ಇದು ಉದಾಹರಣೆ ಅಷ್ಟೆ, ನನ್ನ ಶೀಟಿನ ಅಂಕಿ ಅಲ್ಲ. ಪಾಸಿಟಿವ್ ಆದೋರ ಮನೆಯವ್ರು 100 ಜನ ಅನ್ಕೊಳಿ, ಕೆಮ್ಮು ಇರೋ 20ರಲ್ಲಿ 10 ಪಾಸಿಟಿವ್, ಇಲ್ಲದ 80ರಲ್ಲಿ 24. ಓಪಿಡಿಯಲ್ಲಿ 110 ಜನ, ಕೆಮ್ಮು ಇರೋ 90ರಲ್ಲಿ 9 ಪಾಸಿಟಿವ್, ಇಲ್ಲದ 20ರಲ್ಲಿ 1. ಎರಡೂ ಕಡೆ ಕೆಮ್ಮು ಇರೋರಿಗೇ ಜಾಸ್ತಿ ತಾನೆ? ಈಗ ಕೂಡಿಸಿ ನೋಡಿ. ಕೆಮ್ಮು ಇರೋ 110ರಲ್ಲಿ 19, ಇಲ್ಲದ 100ರಲ್ಲಿ 25. ಉಲ್ಟಾ ಹೊಡೀತು! ಮಳೆಗಾಲದಲ್ಲಿ ಓಪಿಡಿಗೆ ಬರೋ ಕೆಮ್ಮೆಲ್ಲಾ ಮಾಮೂಲಿ ನೆಗಡಿದು, ಅದು ಒಂದೇ ಕಡೆ ಗುಡ್ಡೆ ಬಿದ್ದು ಇಡೀ ಲೆಕ್ಕಾನ ಎಳ್ಕೊಂಡು ಹೋಗಿತ್ತು.

ಆಮೇಲೆ ಶೀಟಿನ ಮೊದಲ ಕಾಲಂ 'ಇವ್ರು ಟೆಸ್ಟಿಗೆ ಯಾಕೆ ಬಂದ್ರು' ಅಂತಾನೇ ಮಾಡಿದೆ, ಅದನ್ನ ಬೇರೆ ಮಾಡದೆ ಬೇರೇನೂ ಲೆಕ್ಕ ಹಾಕ್ತಿರ್ಲಿಲ್ಲ. ಗರ್ಭಿಣಿಯರಲ್ಲಿ ಲಕ್ಷಣ ಕೇಳಿ ಏನೂ ಸಿಗ್ತಿರ್ಲಿಲ್ಲ, ಮನೇಲಿ ಯಾರು ದಿನಾ ಬಸ್ಸಲ್ಲಿ ಓಡಾಡ್ತಾರೆ ಅಂತ ಕೇಳಿದ್ರೆ ಏನಾದ್ರೂ ಸುಳಿವು ಸಿಗ್ತಿತ್ತು. ಕಾಂಟ್ಯಾಕ್ಟ್‌ಗಳಲ್ಲಿ ಒಂದೇ ಮನೇಲಿ ಮಲಗೋರಾ ಅಥವಾ ಪಕ್ಕದ ಮನೆಯೋರಾ ಅನ್ನೋದು, ಎಷ್ಟನೇ ದಿನ ಸ್ವಾಬ್ ತೆಗೆದ್ವಿ ಅನ್ನೋದು ಮುಖ್ಯ ಆಗ್ತಿತ್ತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸೋಂಕಿತರ ಸಂಪರ್ಕ ಆದ 5ರಿಂದ 10ನೇ ದಿನದೊಳಗೆ ಅಂದಿತ್ತು, ಆದ್ರೆ ಊರೋರು ಹೆದರ್ಕೊಂಡು ಮಾರನೇ ದಿನವೇ ಬಂದು ನಿಲ್ತಿದ್ರು, ನೆಗೆಟಿವ್ ಬಂದ್ರೆ ನಮಗೇನಿಲ್ಲ ಅಂತ ಮದುವೆಗೆ ಹೋಗ್ತಿದ್ರು.

ಲಕ್ಷಣಗಳಲ್ಲಿ ನಂಗೆ ಕೈ ಕೊಡದೇ ಇದ್ದಿದ್ದು ಒಂದೇ, ವಾಸನೆ ಹೋಗೋದು. ಕೇಂದ್ರ ಸರ್ಕಾರದ ಕೋವಿಡ್ ಚಿಕಿತ್ಸಾ ಪ್ರೋಟೋಕಾಲ್‌ಗೆ ಅದು ಸೇರಿದ್ದು 2020ರ ಜೂನಲ್ಲಿ. ಆದ್ರೆ ಅದನ್ನ ಕೇಳೋದೇ ಕಷ್ಟ. ಒಬ್ಬ ಅಜ್ಜಿಗೆ 'ವಾಸ್ನೆ ಬರುತ್ತಾ' ಅಂದೆ. 'ಯಾವ ವಾಸ್ನೆನೂ ಇಲ್ಲ ಕಣವ್ವ, ಮನೆ ಸಾರ್ಸಿ ಗುಡ್ಸಿ ಇಟ್ಕೊಂಡಿವ್ನಿ' ಅಂದ್ಲು ಸಿಟ್ಟಲ್ಲಿ. ಫಾರಂನಲ್ಲಿ 'ವಾಸನೆ ಇಲ್ಲ' ಅಂತ ಟಿಕ್ ಹಾಕೋಕೆ ಹೊರಟಿದ್ದೆ ನೋಡಿ! ಮತ್ತೆ ಕೇಳ್ದೆ, 'ಒಗ್ಗರಣೆ ಹಾಕಿದ್ರೆ ಘಮ ಗೊತ್ತಾಯ್ತದಾ ಅಜ್ಜಿ?' 'ಗೊತ್ತಾಗ್ದೆ ಏನು, ಪಕ್ಕದ್ಮನೇದೂ ಗೊತ್ತಾಯ್ತದೆ.' ಹಿಂದೆ ನಿಂತಿದ್ದ ಸೊಸೆ ಮೆತ್ತಗೆ, 'ನಂಗೆ ಗೊತ್ತಾಯ್ತಿಲ್ಲ ಮೇಡಮ್, ನೆನ್ನೆ ಬಸ್ಸಾರು ತಳ ಸೀದೋದ್ರೂ ಗೊತ್ತಾಗ್ನಿಲ್ಲ' ಅಂದ್ಲು. ಅವ್ಳು ಟೆಸ್ಟಿಗೆ ಬಂದೋಳೇ ಅಲ್ಲ, ಅತ್ತೆ ಜೊತೆಗೆ ಬಂದಿದ್ದು. ಇಬ್ಬರದೂ ಸ್ವಾಬ್ ತೆಗೆದೆ, ಅಜ್ಜಿ ನೆಗೆಟಿವ್, ಸೊಸೆ ಪಾಸಿಟಿವ್. ಅವತ್ತಿಂದ ಶೀಟಲ್ಲಿ ಆ ಕಾಲಂ ಹೆಸರು 'ಒಗ್ಗರಣೆ'.

ಡೇಟಾದ ಗೋಳು ಬೇರೆ. ಒಂದೇ ಲಕ್ಷ್ಮಮ್ಮನ್ನ ಇಂಗ್ಲಿಷಲ್ಲಿ ನಾಲ್ಕು ಥರ ಟೈಪ್ ಮಾಡಿರ್ತಿದ್ರು. ರ‍್ಯಾಪಿಡ್ ಟೆಸ್ಟ್ (ಕೂಡಲೇ ಫಲಿತಾಂಶ ಕೊಡೋದು) ನೆಗೆಟಿವ್ ಬಂದು ಲಕ್ಷಣ ಇದ್ರೆ ಮತ್ತೆ ಲ್ಯಾಬಲ್ಲಿ ಮಾಡೋ ಆರ್‌ಟಿಪಿಸಿಆರ್ ಕಳಿಸ್ಬೇಕಿತ್ತು, ಹಾಗಾಗಿ ಒಬ್ರೇ ಎರಡು ಸಲ ಎಣಿಕೆ ಆಗೋರು. ಉದ್ಯೋಗ ಅನ್ನೋ ಕಡೆ ಕೂಲಿ, ಇಲ್ಲಾ ಖಾಲಿ. ಆದ್ರೆ ಇಡೀ ಮನೆಗೆ ಒಂದೇ ಮೊಬೈಲ್ ನಂಬರ್ ಕೊಡ್ತಿದ್ರಲ್ಲ, ಅದೇ ಅನುಕೂಲ ಆಯ್ತು, ನಂಬರ್ ಪ್ರಕಾರ ಸಾರ್ಟ್ ಮಾಡಿದ್ರೆ ಮನೆ ಮನೆ ಬೇರೆಯಾಗಿ ಕಾಣ್ತಿತ್ತು.

ಆ ಸೆಪ್ಟೆಂಬರಲ್ಲಿ ರಾಜ್ಯ ಸರ್ಕಾರ ಸೆರೋ ಸರ್ವೇ ಮಾಡ್ತು, ಅಂದ್ರೆ ರಕ್ತ ಪರೀಕ್ಷೆ ಮಾಡಿ ಎಷ್ಟು ಜನಕ್ಕೆ ಸೋಂಕು ಆಗಿದೆ ಅಂತ ನೋಡೋ ಸಮೀಕ್ಷೆ. ಅವ್ರೂ ಜನರನ್ನ ಗುಂಪು ಮಾಡೇ ಆರಿಸಿದ್ರು, ಗರ್ಭಿಣಿಯರು ಒಂದು ಕಡೆ, ಕಂಡಕ್ಟರ್ ಆಟೋದೋರು ಒಂದು ಕಡೆ, ವಯಸ್ಸಾದೋರು ಬಿಪಿ ಶುಗರ್ ಇರೋರು ಒಂದು ಕಡೆ. ಒಟ್ಟು ಶೇ 27.3 ಜನಕ್ಕೆ ಸೋಂಕು ಆಗಿತ್ತು ಇಲ್ಲಾ ಆಗ್ತಿತ್ತು ಅಂತ ಬಂತು. ಓದಿ ಸುಮ್ನೆ ಕೂತ್ಬಿಟ್ಟೆ, ನಮ್ಮ ಸ್ವಾಬ್ ಟೆಂಟಿಗೇ ಬರದೋರು ಅಷ್ಟೊಂದು ಜನ ಇದ್ರಲ್ಲ, ನನ್ನ ಶೀಟು ಹೇಳ್ತಿದ್ದಿದ್ದು ಬಂದೋರ ಕತೆ ಮಾತ್ರ.

2021ರ ಏಪ್ರಿಲ್ ಮೇನಲ್ಲಿ ಶೀಟ್ ತೆಗೆಯೋಕೂ ಟೈಮ್ ಇರ್ಲಿಲ್ಲ, ಜ್ವರ ಅಂದ್ರೆ ಕೋವಿಡ್ ಅನ್ನೋ ಥರ ಇತ್ತು, ಬೆಡ್ಡು ಆಕ್ಸಿಜನ್ನು ಬಿಟ್ಟು ಬೇರೆ ಮಾತಿಲ್ಲ. 2022ರ ಜನವರಿಯಲ್ಲಿ ಓಮಿಕ್ರಾನ್ ಬಂದಾಗ ಮತ್ತೆ ತೆಗೆದೆ, ಪಾಸಿಟಿವ್ ಬಂದೋರೆಲ್ಲ ಗಂಟಲು ನೋವು ಅಂತಿದ್ರು, ಒಗ್ಗರಣೆ ಮಾತ್ರ ಹೆಚ್ಚಿನವ್ರಿಗೆ ಚೆನ್ನಾಗೇ ಗೊತ್ತಾಗ್ತಿತ್ತು. ಅದೇ ತಿಂಗಳು 10ಕ್ಕೆ ಐಸಿಎಂಆರ್ ಹೊಸ ಆದೇಶ ಬಂತು, ವಯಸ್ಸು, ಕಾಯಿಲೆ ಅಂತ ರಿಸ್ಕ್ ಇಲ್ಲದ ಕಾಂಟ್ಯಾಕ್ಟ್‌ಗಳಿಗೆ ಲಕ್ಷಣ ಇಲ್ಲದಿದ್ರೆ ಟೆಸ್ಟ್ ಬೇಡ ಅಂತ. ಲಕ್ಷಣ ಇದ್ದೋರೂ ಸುಮಾರು ಜನ ಮೆಡಿಕಲ್ ಸ್ಟೋರಿಂದ ಕಿಟ್ ತಂದು ಮನೇಲೇ ಮಾಡ್ಕೊಳೋಕೆ ಶುರು ಮಾಡಿದ್ರು. ಶೀಟಲ್ಲಿ ಕಾಂಟ್ಯಾಕ್ಟ್ ಅನ್ನೋ ಗುಂಪಿಗೆ ಹೊಸ ಸಾಲು ಬರೋದೇ ನಿಂತೋಯ್ತು, ನಾನೂ ಅಲ್ಲಿಗೇ ಬಿಟ್ಟೆ.